ಲಕ್ಕುಂಡಿಯಲ್ಲಿ ಕೇಳಿದ ಪ್ರಶ್ನೆ: ಒಂದು ವಿವಾಹ ಪ್ರಸ್ತಾಪದ ಪ್ರಕರಣ ಅಧ್ಯಯನ

ಹುಬ್ಬಳ್ಳಿ-ಧಾರವಾಡ ಮತ್ತು ಗದಗ ಭಾಗದಲ್ಲಿ ಮದುವೆಯ ಪ್ರಶ್ನೆ ಬಹುಕಾಲದಿಂದ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಪ್ರಶ್ನೆಯಾಗಿದೆ. ಕನ್ಯೆ ನೋಡಿ, ಹಿರಿಯರು ಕೂಡಿ ಮಾತನಾಡಿ, ಸಕ್ಕರೆ ಹಂಚಿದ ಮೇಲೆ ಉತ್ತರ ಬಂತೆಂದು ಎಲ್ಲರೂ ತಿಳಿಯುತ್ತಾರೆ. ಈಚಿನ ವರ್ಷಗಳಲ್ಲಿ ಇದೇ ಮನೆಗಳ ಮಕ್ಕಳು, ಮೊದಲೇ ಪರಸ್ಪರ ಒಲಿದವರು, ಉಂಗುರ ತಂದು ಅನಿರೀಕ್ಷಿತವಾಗಿ ಕೇಳುವ ರೀತಿಯನ್ನೂ ತಮ್ಮದಾಗಿಸಿಕೊಳ್ಳುತ್ತಿದ್ದಾರೆ. ಹೀಗೆ ಕೇಳಹೊರಟವರು ಸ್ಥಳ, ಬೆಳಕು, ಉಂಗುರ, ಫೋಟೊ ಇವುಗಳ ಬಗ್ಗೆ ವಾರಗಟ್ಟಲೆ ಚಿಂತಿಸುತ್ತಾರೆ. ಯಾರಿಗೆ ಯಾವ ಸಂಗತಿ ಯಾವಾಗ ಗೊತ್ತಾಗಬೇಕು ಎಂಬುದರ ಬಗ್ಗೆ ಚಿಂತಿಸುವವರು ಕಡಿಮೆ. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಸರಿಯಾಗಿ ನಡೆದದ್ದೂ ಕೆಟ್ಟದ್ದೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು. ನಾನು ಯುವಕನಿಗೆ ವೈನಿ, ಅಂದರೆ ಅತ್ತಿಗೆಯಾಗಬೇಕು. ಯೋಜನೆ ರೂಪುಗೊಂಡಾಗಿನಿಂದ ಅದರ ಜೊತೆಗಿದ್ದೆ. ಯುವತಿ ತನ್ನ ಕಡೆಯ ವಿವರಗಳನ್ನು ನಂತರ ಬಿಚ್ಚಿ ಹೇಳಿದಳು. ಇಬ್ಬರ ಒಪ್ಪಿಗೆ ಪಡೆದು, ಹೆಸರುಗಳನ್ನೂ ಗುರುತು ಸಿಗುವ ವಿವರಗಳನ್ನೂ ಬಿಟ್ಟು ಬರೆದಿದ್ದೇನೆ.

ಹಿನ್ನೆಲೆ

ಯುವಕನಿಗೆ 29 ವರ್ಷ. ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ. ಯುವತಿಗೆ 27, ಧಾರವಾಡದ ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ. ಆಕೆಯ ತಂದೆ ರೋಣ ತಾಲೂಕಿನ ಹಳ್ಳಿಯೊಂದರಲ್ಲಿ ಒಕ್ಕಲುತನ ಮಾಡುತ್ತಾರೆ. ಓದಿಗೆಂದು ಧಾರವಾಡಕ್ಕೆ ಬಂದಾಗಿನಿಂದ ಆಕೆ ಸೋದರಮಾವನ ಮನೆಯಲ್ಲಿದ್ದಾಳೆ. ಇಬ್ಬರಿಗೂ ಮೂರು ವರ್ಷಗಳ ಪರಿಚಯ. ಎರಡೂ ಕುಟುಂಬಗಳು ಒಂದೇ ಸಮಾಜದ ಬೇರೆ ಬೇರೆ ಒಳಪಂಗಡಗಳಿಗೆ ಸೇರಿದ್ದು, ಇದನ್ನು ದೊಡ್ಡದು ಮಾಡುವ ಹಿರಿಯರು ಎರಡೂ ಕಡೆ ಇದ್ದರು.

ಮದುವೆಯ ವಿಚಾರವನ್ನು ಇವರಿಬ್ಬರೂ ಆ ವರ್ಷದ ದಸರೆಯ ಹೊತ್ತಿಗೇ ಹಲವು ಸಲ ಮಾತನಾಡಿದ್ದರು. ನೌಕರಿ ಬಿಡುವುದಿಲ್ಲ, ವರೋಪಚಾರ ಎಂಬ ಹೆಸರಿನಲ್ಲಿ ಗಂಡಿನ ಕಡೆಗೆ ಏನನ್ನೂ ಕೊಡುವುದಿಲ್ಲ, ಮನೆ ಧಾರವಾಡದಲ್ಲಾದರೂ ಹುಬ್ಬಳ್ಳಿಯಲ್ಲಾದರೂ ಸರಿ ಎಂದು ಆಕೆ ಸ್ಪಷ್ಟವಾಗಿ ಹೇಳಿದ್ದಳು; ಆತ ಒಪ್ಪಿದ್ದ. ಇದನ್ನು ಮುಖ್ಯವಾಗಿ ಗಮನಿಸಬೇಕು. ಮದುವೆಯಾಗುವ ಮನಸ್ಸು ಇದೆಯೋ ಇಲ್ಲವೋ ಎಂದು ತಿಳಿಯದೆ ಅಚ್ಚರಿಯ ಏರ್ಪಾಟು ಮಾಡುವವರು ಎದುರಿನವರನ್ನು ಇಕ್ಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಯಾವ ದಿನ, ಎಲ್ಲಿ, ಹೇಗೆ ಎಂಬುದಷ್ಟೇ ಗುಟ್ಟಾಗಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಮತ್ತು ಆತ ಸಲಹೆ ಕೇಳಲು ಬಂದಾಗ ಇದನ್ನೇ ಮೊದಲು ವಿಚಾರಿಸಿದೆ.

ಮೊದಲ ಯೋಜನೆ ಮತ್ತು ಅದನ್ನು ಕೈಬಿಟ್ಟದ್ದು

ಗೆಳೆಯರು ಹಾಕಿಕೊಟ್ಟ ಮೊದಲ ಯೋಜನೆಯ ಪ್ರಕಾರ, ಭಾನುವಾರ ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಬೆಳಕಿನ ಅಕ್ಷರಗಳನ್ನು ನಿಲ್ಲಿಸುವುದು, ಮೇಲಿನಿಂದ ಡ್ರೋನ್‌ನಲ್ಲಿ ಚಿತ್ರೀಕರಿಸುವುದು, ಎರಡೂ ಕಡೆಯ ಹದಿನೈದು ಮಂದಿ ಗೆಳೆಯರು ಮತ್ತು ಸಂಬಂಧಿಗಳು ಮರೆಯಲ್ಲಿದ್ದು ಉಂಗುರ ತೊಡಿಸಿದೊಡನೆ ಹೊರಬರುವುದು ಎಂದಿತ್ತು. ಡ್ರೋನ್ ವಿಚಾರ ಬೇಗ ಇತ್ಯರ್ಥವಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ನೆಲಮಟ್ಟದಿಂದಲೇ ನಿಯಂತ್ರಿತ ವಲಯ ಆರಂಭವಾಗುತ್ತದೆ, ಅಲ್ಲಿ ಹಾರಿಸಲು ಅನುಮತಿ ಬೇಕು. ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ ಉಣಕಲ್ ಕೆರೆ ಅದಕ್ಕಿಂತ ಬಹಳ ಹತ್ತಿರ. 250 ಗ್ರಾಂವರೆಗಿನ ಚಿಕ್ಕ ಡ್ರೋನ್‌ಗೆ ಚಾಲಕ ಪರವಾನಗಿ ಬೇಡವಾದರೂ ವಲಯದ ನಿರ್ಬಂಧ ತಪ್ಪುವುದಿಲ್ಲ.

ಉಳಿದ ಯೋಜನೆಯ ತೊಡಕು ಕಾನೂನಿನದಾಗಿರಲಿಲ್ಲ. ನಾನು ಆತನಿಗೆ ಒಂದೇ ಪ್ರಶ್ನೆ ಕೇಳಿದೆ: "ಆಕಿಗೆ ಬ್ಯಾಡ ಅನಸ್ತಂದ್ರ, ಆ ಹದಿನೈದು ಮಂದಿ ಎದುರಿಗೆ ಹೆಂಗ ಅನ್ನಬೇಕು?" ಬೇಡ ಅನ್ನುವ ಹುಡುಗಿಯಲ್ಲ ಎಂದು ಆತ ಹೇಳಿದ. ಇರಬಹುದು. ಆದರೆ ಹೌದು ಎನ್ನುವವರಿಗೂ ಒಂದು ಗಳಿಗೆ ಸುಮ್ಮನಿರುವ, ಮರುಪ್ರಶ್ನೆ ಕೇಳುವ, ನಾಳೆ ಹೇಳುತ್ತೇನೆ ಎನ್ನುವ ಅವಕಾಶ ಇರಬೇಕು. ಕ್ಯಾಮೆರಾ ಹಿಡಿದ ಗುಂಪಿನ ಮುಂದೆ ಅವೆಲ್ಲವೂ ಅವಮಾನದಂತೆ ಕಾಣುತ್ತವೆ. ಅಲ್ಲದೆ ಹದಿನೈದು ಮಂದಿಗೆ ಗೊತ್ತಾದ ಸುದ್ದಿ ರೋಣದ ತನಕ ಹೋಗಲು ಒಂದು ದಿನವೂ ಬೇಡ. ಮಗಳು ಉತ್ತರ ಹೇಳುವ ಮೊದಲೇ ತಂದೆಗೆ ಬೇರೆಯವರ ಬಾಯಿಂದ ತಿಳಿಯುವ ಸಾಧ್ಯತೆ ಅದರಲ್ಲಿ ಸೇರಿಯೇ ಇತ್ತು.

ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಕೇಳಬೇಕೆಂದು ಒಬ್ಬ ಗೆಳೆಯ ಹೇಳಿದ, ಇಬ್ಬರೂ ದಿನವೂ ಬಳಸುವ ಚಿಗರಿ ಬಸ್ಸಿನಲ್ಲೇ ಕೇಳಬೇಕೆಂದು ಇನ್ನೊಬ್ಬ. ಎರಡಕ್ಕೂ ಅದೇ ಆಕ್ಷೇಪಣೆ ಅನ್ವಯಿಸಿತು. ಬಸ್ಸಿನಲ್ಲಂತೂ ಮುಂದಿನ ನಿಲ್ದಾಣ ಬರುವವರೆಗೆ ಎದ್ದುಹೋಗಲೂ ಆಗುವುದಿಲ್ಲ.

ಲಕ್ಕುಂಡಿಯನ್ನು ಆರಿಸಿದ ಬಗೆ

ಯುವತಿ ತನ್ನ ವಿದ್ಯಾರ್ಥಿಗಳನ್ನು ಗದಗಿನ ಹತ್ತಿರದ, ಹಳೆಯ ಗುಡಿಗಳ ಊರಾದ ಲಕ್ಕುಂಡಿಗೆ ಕರೆದೊಯ್ಯುವವಳಿದ್ದಳು. ಅದಕ್ಕೂ ಮೊದಲು ತಾನೊಮ್ಮೆ ಹೋಗಿ, ಯಾವ ಗುಡಿಯನ್ನು ಯಾವ ಕ್ರಮದಲ್ಲಿ ತೋರಿಸಬೇಕು, ಅರವತ್ತು ಮಕ್ಕಳಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಎಲ್ಲಿವೆ ಎಂದು ನೋಡಿಬರುವುದು ಆಕೆಯ ರೂಢಿ. ಈ ಸಲ ಕಾಲೇಜಿನ ಸಹೋದ್ಯೋಗಿ ಗೆಳತಿ ಜೊತೆಗೆ ಬರುವವಳಿದ್ದಳು. ಯುವಕನನ್ನೂ ಆಕೆಯೇ ಕರೆದಳು. ಹೀಗಾಗಿ ಸುಳ್ಳು ನೆಪ ಹುಡುಕುವ ಅಗತ್ಯ ಬೀಳಲಿಲ್ಲ, ಮತ್ತು ಇದನ್ನು ನಾನು ಈ ಯೋಜನೆಯ ದೊಡ್ಡ ಅನುಕೂಲವೆಂದು ಎಣಿಸುತ್ತೇನೆ. ಅಚ್ಚರಿಗೆಂದು ಕಟ್ಟಿದ ಸುಳ್ಳು ಅಂದೇ ನಗೆಯಲ್ಲಿ ಕರಗಿದರೂ, ಇವರು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರು ಎಂಬ ನೆನಪು ಉಳಿಯುತ್ತದೆ.

ಗೆಳತಿಗೆ ವಿಷಯ ತಿಳಿಸಲೇಬೇಕಾಯಿತು. ಆಕೆ ಎರಡು ಷರತ್ತು ಹಾಕಿದಳು. ತನ್ನನ್ನು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ತಾನಾಗಿ ಹೇಳುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದು ನಮಗಾರಿಗೂ ಹೊಳೆದಿರಲಿಲ್ಲ: "ಅದು ಆಕಿ ಕೆಲಸದ ದಿನಾರಿ. ಅದನ್ನ ನಿಮ್ಮ ದಿನ ಮಾಡಬ್ಯಾಡ್ರಿ. ಎಲ್ಲಾ ನೋಡಿ ಬರಕೊಂಡು ಮುಗಿಸಿದ ಮ್ಯಾಲೆ ಕೇಳ್ರಿ." ಆತ ಅಲ್ಲಿನ ಜೈನ ಬಸದಿಯಾದ ಬ್ರಹ್ಮ ಜಿನಾಲಯದ ಎದುರು, ತಲುಪಿದೊಡನೆ ಕೇಳಬೇಕೆಂದಿದ್ದ. 1007ರಲ್ಲಿ ಅದನ್ನು ಕಟ್ಟಿಸಿದ, ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯ ಬಗ್ಗೆ ಆಕೆಗೆ ಅಪಾರ ಪ್ರೀತಿ ಎಂಬುದು ಅದಕ್ಕೆ ಕಾರಣ. ಗೆಳತಿಯ ಮಾತು ಕೇಳಿ ಸಮಯವನ್ನು ಸಂಜೆಗೆ ಹಾಕಿದ. ಸ್ಥಳವೂ ಬದಲಾಯಿತು. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ ಚಿತ್ರದಲ್ಲಿ ಚೆಂದ ಕಂಡರೂ ಕಡಿದಾದ ಮೆಟ್ಟಿಲುಗಳ ಮೇಲೆ ನಿಂತು ಮಾತನಾಡುವುದು ಕ್ಷೇಮವಲ್ಲ. ಕೊನೆಗೆ ಕಾಶಿ ವಿಶ್ವನಾಥ ಗುಡಿಯ ಆವರಣವನ್ನು ಆರಿಸಿಕೊಂಡೆವು. ಶಿವ ಮತ್ತು ಸೂರ್ಯನ ಗರ್ಭಗುಡಿಗಳು ಒಂದೇ ಜಗಲಿಯ ಮೇಲೆ ಎದುರುಬದುರಾಗಿರುವ ಈ ಗುಡಿಯನ್ನು ಆಕೆ ಯಾವಾಗಲೂ ಕೊನೆಯಲ್ಲಿ, ಸಾವಕಾಶವಾಗಿ ನೋಡುತ್ತಾಳೆ ಎಂದು ಗೆಳತಿಗೆ ಗೊತ್ತಿತ್ತು.

ಈ ಗುಡಿಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 1959ರಲ್ಲಿ ಬಂದ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದಲ್ಲಿ ಲಿಖಿತ ಅನುಮತಿಯಿಲ್ಲದೆ ಸಭೆ, ಸತ್ಕಾರ, ಔತಣ, ಮನರಂಜನೆ ನಡೆಸುವಂತಿಲ್ಲ. ಬಲೂನು, ಹೂವಿನ ಕಮಾನು, ದೀಪದ ಸಾಲು ಇವೆಲ್ಲ ತಾವಾಗಿಯೇ ಕಳಚಿಬಿದ್ದವು. ಇಬ್ಬರು ಕುಳಿತು ಮಾತನಾಡಲು ಯಾರ ಅನುಮತಿಯೂ ಬೇಡ. ಕೈಯಲ್ಲಿ ಹಿಡಿದ ಮೊಬೈಲಿನಿಂದ ಒಂದು ಫೋಟೊ ತೆಗೆಯುವುದಕ್ಕೂ ಅಡ್ಡಿಯಿಲ್ಲ. ಒಂದು ದೃಷ್ಟಿಯಿಂದ ಆ ನಿಯಮವೇ ಯೋಜನೆಯನ್ನು ಹಸನು ಮಾಡಿತು.

ಉಂಗುರ

ಯುವತಿ ಬಳೆ ಮತ್ತು ಎಳೆ ಸರ ಬಿಟ್ಟರೆ ಬೇರೆ ಆಭರಣ ಹಾಕುವವಳಲ್ಲ, ಆದ್ದರಿಂದ ಅಳತೆಗೆ ಸಿಗುವ ಉಂಗುರ ಆಕೆಯ ಬಳಿ ಇರಲಿಲ್ಲ. ಒಮ್ಮೆ ಸಿಬ್ಬಂದಿ ಕೋಣೆಯಲ್ಲಿ ಗೆಳತಿಯ ಉಂಗುರವನ್ನು ಉಂಗುರದ ಬೆರಳಿಗೆ ಹಾಕಿ ನೋಡಿ, ತುಸು ಸಡಿಲ ಎಂದಿದ್ದಳು. ಆ ಉಂಗುರದ ಒಳಸುತ್ತಳತೆ 54 ಮಿ.ಮೀ. ಇತ್ತು. ನಮ್ಮ ಅಂಗಡಿಗಳಲ್ಲಿ ಬಳಸುವ ಅಳತೆಯ ಸಂಖ್ಯೆಗೆ 40 ಕೂಡಿಸಿದರೆ ಒಳಸುತ್ತಳತೆ ಮಿಲಿಮೀಟರಿನಲ್ಲಿ ಬರುತ್ತದೆ. ಅಂದರೆ ಅದು 14ನೇ ಅಳತೆ. ಆತ 13 ಆರಿಸಿದ. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಆಮೇಲೆ ಹಿಗ್ಗಿಸುವುದೂ ಕುಗ್ಗಿಸುವುದೂ ಕಷ್ಟವಾದ್ದರಿಂದ ಸಾದಾ ಬಳೆಯಾಕಾರದ ಉಂಗುರವೇ ಲೇಸೆಂದು ಅಕ್ಕಸಾಲಿ ಹೇಳಿದ್ದು ಸರಿಯಾದ ಸಲಹೆ.

ಮೊದಲು ತೋರಿಸಿದ ಹಗುರ ಉಂಗುರದ ಮೇಲೆ ಹಾಲ್‌ಮಾರ್ಕ್ ಇರಲಿಲ್ಲ. ವಿಚಾರಿಸಿದಾಗ, 2 ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಅದು ಕಡ್ಡಾಯವಲ್ಲ ಎಂದು ತಿಳಿಯಿತು. ಅದಕ್ಕೇ 3 ಗ್ರಾಂನ 22 ಕ್ಯಾರೆಟ್ ಉಂಗುರ ಕೊಂಡ. ಒಳಬದಿಯಲ್ಲಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, 916 ಎಂಬ ಶುದ್ಧತೆಯ ಸಂಖ್ಯೆ ಮತ್ತು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಆಭರಣದ ಗುರುತಿನ ಸಂಖ್ಯೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದ್ದವು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿಯೇ ಹಣ ಕೊಟ್ಟ.

ಉಂಗುರದ ವಿಷಯದಲ್ಲಿ ನಾವು ಮಾಡಿಕೊಂಡ ಇನ್ನೊಂದು ನಿರ್ಧಾರ ನನಗೆ ಇಂದಿಗೂ ಸರಿಯೆನಿಸುತ್ತದೆ. ಉತ್ತರ ಬರುವವರೆಗೆ ಅದನ್ನು ಜೇಬಿನಿಂದ ತೆಗೆಯಬಾರದು. ಬಂಗಾರ ಕಣ್ಣೆದುರು ಬಂದ ಮೇಲೆ ಪ್ರಶ್ನೆಗೆ ಒತ್ತಾಯದ ತೂಕ ಸೇರುತ್ತದೆ.

ಸೋದರಮಾವನಿಗೆ ಹೇಳಿದ್ದು

ಇದು ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ಸಂಗತಿ. ತಂದೆಗೆ ಮೊದಲು ಹೇಳಿದರೆ ಮಗಳಿಗೆ ಕೇಳಬೇಕಾದ ಪ್ರಶ್ನೆಯನ್ನು ತಂದೆಗೆ ಕೇಳಿದಂತಾಗುತ್ತದೆ. ಹಿರಿಯರು ಯಾರಿಗೂ ಹೇಳದಿದ್ದರೆ, ನಾಳೆ ಮಾತುಕತೆಗೆ ಕೂಡುವಾಗ ಆಕೆಯ ಪರವಾಗಿ ಮಾತನಾಡುವ ಹಿರಿಯರೇ ಇರುವುದಿಲ್ಲ. ನಮ್ಮ ಕಡೆ ಮದುವೆಯ ಕಾರ್ಯಗಳಲ್ಲಿ ಸೋದರಮಾವನ ಸ್ಥಾನ ಸಣ್ಣದಲ್ಲ, ಅದರ ಮೇಲೆ ಆಕೆ ಇರುವುದೂ ಅವರ ಮನೆಯಲ್ಲೇ. ಆತ ಅವರನ್ನು ಕಂಡು, ತಾನು ಕೇಳಲಿದ್ದೇನೆ ಎಂಬುದನ್ನು ತಿಳಿಸುತ್ತಿದ್ದೇನೆಯೇ ಹೊರತು ಅವರಿಂದ ಉತ್ತರ ಬಯಸುತ್ತಿಲ್ಲ ಎಂದು ಹೇಳಿದ. ಅವರು, "ತಮ್ಮಾ, ಆಕಿ ಏನ ಹೇಳತಾಳೋ ಅದು ಆಕಿದು. ನನಗ ತಿಳಿಸಿದ್ದು ಛಲೋ ಆತು. ಧನುರ್ಮಾಸ ಒಂದು ಮುಗೀಲಿ" ಎಂದರು. ಧನುರ್ಮಾಸದಲ್ಲಿ ಕೇಳಿದರೆ ಹಿರಿಯರ ಮಾತುಕತೆ ಸಂಕ್ರಾಂತಿಯವರೆಗೆ ತಡೆಯಬೇಕಾಗುತ್ತದೆ, ಆ ನಡುವಿನ ದಿನಗಳಲ್ಲಿ ಸುದ್ದಿ ಹೇಗೆ ಹೇಗೋ ಹರಡುತ್ತದೆ ಎಂಬುದು ಅವರ ಲೆಕ್ಕ. ಹೀಗೆ ಸಂಕ್ರಾಂತಿಯ ನಂತರದ ಶನಿವಾರ ಗೊತ್ತಾಯಿತು.

ಆ ದಿನ

ಧಾರವಾಡದಿಂದ ಬಾಡಿಗೆ ಕಾರಿನಲ್ಲಿ ಹೊರಟು, ಹುಬ್ಬಳ್ಳಿ, ಅಣ್ಣಿಗೇರಿ, ಗದಗ ದಾಟಿ ಹತ್ತರ ಸುಮಾರಿಗೆ ಮೂವರೂ ಲಕ್ಕುಂಡಿ ತಲುಪಿದರು. ಆಕೆ ಸಂಜೆ ನಾಲ್ಕೂವರೆಯವರೆಗೆ ಒಂದೊಂದೇ ಗುಡಿ ನೋಡುತ್ತ, ಟಿಪ್ಪಣಿ ಬರೆದುಕೊಳ್ಳುತ್ತ ನಡೆದಳು. ಗೆಳತಿ ನನ್ನೇಶ್ವರ ಗುಡಿಯ ಬಳಿ ಕುಳಿತು ಉಳಿದಳು. ಕಾಶಿ ವಿಶ್ವನಾಥ ಗುಡಿಯ ಆವರಣಕ್ಕೆ ಅದೇ ಹೊತ್ತಿಗೆ ಯಾವುದೋ ಶಾಲೆಯ ಮಕ್ಕಳ ಗುಂಪು ಬಂದಿಳಿಯಿತು. ಆತ ಕಾದ. ಮಕ್ಕಳು ಹೋಗುವಷ್ಟರಲ್ಲಿ ಆಕೆಯೂ ಹೊರಡಲು ಎದ್ದಿದ್ದಳು. "ತುಸು ಕೂಡು, ಒಂದು ಮಾತು ಕೇಳೂದೈತಿ" ಎಂದು ಆತ ಹೇಳಿದಾಗಲೇ ಆಕೆಗೆ ಸುಳಿವು ಹತ್ತಿತಂತೆ.

ಗೆಳೆಯರು ಬರೆದುಕೊಟ್ಟಿದ್ದ ಉದ್ದನೆಯ ಮಾತುಗಳನ್ನು ಆತ ಬಿಟ್ಟುಬಿಟ್ಟ. ಮಂಡಿಯೂರಲಿಲ್ಲ, ಪಕ್ಕದಲ್ಲಿ ಕುಳಿತೇ ಕೇಳಿದ: "ಲಗ್ನದ ಮಾತು ಬಾಳ ಸಲ ಆಡೇವಿ. ಇವತ್ತ ನೇರ ಕೇಳತೇನಿ, ನನ್ನ ಲಗ್ನ ಆಗ್ತೀ ಏನ? ಇವತ್ತ ಹೇಳಬೇಕಂತ ಏನಿಲ್ಲ."

ಆಕೆ ಮೊದಲು ಕೇಳಿದ್ದು, "ಯಾರ‍್ಯಾರಿಗೆ ಗೊತ್ತೈತಿ?" ಎಂದು. ಆತ ಮುಚ್ಚಿಡದೆ ಎಲ್ಲರ ಹೆಸರು ಹೇಳಿದ. ಮಾವನ ಹೆಸರು ಬಂದಾಗ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೌದು, ಆಗ್ತೇನಿ. ಆದ್ರ ಅಪ್ಪಗ ನಾನ ಹೇಳಬೇಕು, ಊರಿಗೆ ಹೋಗಿ, ಎದುರಿಗೆ ಕುಂತು" ಎಂದಳು. ಉಂಗುರ ಹೊರಬಂದದ್ದು ಆಗ. ಜನವರಿಯ ಚಳಿಗೆ ಬೆರಳು ತುಸು ಸಣ್ಣಗಿದ್ದುದರಿಂದ ಕೂದಲೆಳೆಯಷ್ಟು ಸಡಿಲವಿತ್ತು. ಗೆಳತಿಯನ್ನು ಕರೆದು ಒಂದು ಫೋಟೊ ತೆಗೆಸಿಕೊಂಡರು.

ಉತ್ತರದ ನಂತರ

ಯೋಜನೆ ಇಲ್ಲಿಗೆ ನಿಂತಿತ್ತು, ದೋಷವೂ ಇಲ್ಲೇ ಇತ್ತು. ಪ್ರಶ್ನೆಗೆ ಮುಂಚಿನ ಗುಟ್ಟನ್ನು ಕಾಯಲು ಅಷ್ಟೊಂದು ಎಚ್ಚರ ವಹಿಸಲಾಗಿತ್ತು. ಉತ್ತರ ಬಂದ ಗಳಿಗೆಯಿಂದ ತಂದೆಗೆ ತಿಳಿಸುವ ಗಳಿಗೆಯವರೆಗಿನ ಗುಟ್ಟನ್ನು ಯಾರು ಹೇಗೆ ಕಾಯಬೇಕೆಂದು ಮಾತೇ ಆಗಿರಲಿಲ್ಲ. ಎಲ್ಲರಿಗೂ ಖುಷಿಯಾಗಿರುವಾಗ ಬಾಯಿ ಬಿಗಿಹಿಡಿಯುವುದು ಕಠಿಣ. ಯುವಕ ಆ ಫೋಟೊವನ್ನು ಹುಬ್ಬಳ್ಳಿಯಲ್ಲಿರುವ ಕಾಕಾನ ಮಗನಿಗೆ ಕಳಿಸಿದ. ಆ ಹುಡುಗ ಪ್ರೀತಿಯಿಂದಲೇ ಅದನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ. ಅರ್ಧ ಗಂಟೆಯಲ್ಲಿ ತೆಗೆಸಿದರೂ ಅಷ್ಟರಲ್ಲಿ ಗದಗಿನಲ್ಲಿರುವ ಯುವತಿಯ ಸಂಬಂಧಿಯೊಬ್ಬರು ನೋಡಿ, ಅಭಿನಂದನೆ ಹೇಳಲು ರಾತ್ರಿಯೇ ತಂದೆಗೆ ಫೋನು ಮಾಡಿದ್ದರು.

ಭಾನುವಾರ ಬೆಳಿಗ್ಗೆ ಆಕೆ ಊರು ತಲುಪಿದಾಗ ತಂದೆ, "ಮಂದಿ ಬಾಯಿಲೆ ಕೇಳೂಹಂಗ ಆತಲ್ಲವ್ವಾ" ಎಂದಷ್ಟೇ ಅಂದು, ಕಡಲೆ ಕೀಳುವ ಹೊಲಕ್ಕೆ ನಡೆದರು. ಆತ ಕೂಡಲೇ ಅವರಿಗೆ ಫೋನು ಮಾಡಿ ಕ್ಷಮೆ ಕೇಳಲು ಹೊರಟಾಗ ಆಕೆ ತಡೆದಳು. ತಂದೆಗೆ ತಾನೇ ಹೇಳುತ್ತೇನೆಂದ ಮಾತು ಇನ್ನೂ ಮುಗಿದಿಲ್ಲ, ನಡುವೆ ಬರಬೇಡ ಎಂದು ಆಕೆ ಹೇಳಿದ್ದು ಕಟ್ಟುನಿಟ್ಟಿನ, ಸರಿಯಾದ ನಿರ್ಧಾರ. ಅಂದು ಸಂಜೆ ಹೊಲದಿಂದ ಬಂದವರ ಎದುರು ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವರು ಕೇಳಿಸಿಕೊಂಡರು, ಉತ್ತರಿಸಲಿಲ್ಲ.

ಎರಡು ದಿನಗಳ ನಂತರ ಸೋದರಮಾವ ಹೋದಾಗ ಗಾಯ ಇನ್ನೊಂದು ಕಡೆ ತೆರೆಯಿತು. ಭಾವಮೈದುನನಿಗೆ ತನಗಿಂತ ಮೊದಲೇ ತಿಳಿದಿತ್ತು ಎಂಬುದು ತಂದೆಗೆ ಸ್ಟೇಟಸ್‌ಗಿಂತ ಹೆಚ್ಚು ನೋವಾಯಿತು. "ಮಾಮಾ, ನನಗ ಗೊತ್ತಿದ್ದದ್ದು ಆತ ಕೇಳತಾನ ಅಂತಷ್ಟ. ಆಕಿ ಏನ ಹೇಳತಾಳ ಅಂತ ನನಗೂ ಗೊತ್ತಿರಲಿಲ್ಲ" ಎಂದು ಸೋದರಮಾವ ತಮ್ಮ ಭಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಆ ಮಾತು ನಿಜವಾಗಿದ್ದುದೇ ಆಸರೆಯಾಯಿತು. ಅವರು ಮುಂಚೆಯೇ ಒಪ್ಪಿಗೆ ಕೊಟ್ಟು ಕುಳಿತಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ.

ಸೋದರಮಾವನಿಗೆ ಮೊದಲು ಹೇಳಿದ್ದು ಸರಿಯೇ ಎಂಬ ಪ್ರಶ್ನೆಯಲ್ಲಿ ಯುವತಿಗೂ ನನಗೂ ಇಂದಿಗೂ ಭಿನ್ನಾಭಿಪ್ರಾಯವಿದೆ. ತನ್ನ ಉತ್ತರಕ್ಕಿಂತ ಮೊದಲು ತನ್ನ ಮನೆಯ ಯಾರಿಗೂ ತಿಳಿಯಬಾರದಿತ್ತು, ಆ ಒಂದು ಕ್ಷಣ ಮಾವನ ಮುಖ ನೆನಪಾಗಿ ತನ್ನ ಸಂತೋಷದಲ್ಲಿ ಲೆಕ್ಕಾಚಾರ ಸೇರಿಕೊಂಡಿತು ಎಂದು ಆಕೆ ಹೇಳುತ್ತಾಳೆ. ಆಕೆಯ ಮಾತಿನಲ್ಲಿ ಸತ್ಯವಿದೆ. ಆದರೂ ಆ ಮನೆಯಲ್ಲಿ ಇಟ್ಟುಕೊಂಡು ಓದಿಸಿದವರಿಗೆ ಒಂದು ಮಾತು ತಿಳಿಸದೆ ಮುಂದುವರಿಯುವುದು ನನಗೆ ಒಪ್ಪಿತವಾಗುತ್ತಿರಲಿಲ್ಲ, ಮತ್ತು ಅವರು ಊರಿಗೆ ಹೋಗಿ ಕುಳಿತುಕೊಳ್ಳದಿದ್ದರೆ ಮಾತುಕತೆ ಇನ್ನೂ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಫೋಟೊದ ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಎರಡೂ ಮನೆಗಳ ತಂದೆ-ತಾಯಿಗೆ ತಿಳಿಯುವವರೆಗೆ ಅದು ಗೆಳತಿಯ ಮೊಬೈಲಿನಲ್ಲೇ ಇರಬೇಕಿತ್ತು. ಆಮೇಲೂ ಅದನ್ನು ಯಾರಿಗೆ ಕಳಿಸಬೇಕೆಂದು ಹೇಳುವ ಹಕ್ಕು ಮೊದಲು ಯುವತಿಯದು. ಇಂಥ ಯೋಜನೆ ಹಾಕುವವರು, ಉತ್ತರ ಬಂದ ನಂತರ ಯಾರು ಯಾರಿಗೆ ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ಉಂಗುರ ಕೊಳ್ಳುವ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು.

ಸುಮಾರು ಎರಡು ವಾರಗಳ ನಂತರ ತಂದೆ ಬರಹೇಳಿ ಕಳಿಸಿದರು. ನಮ್ಮ ಮನೆಯಿಂದ ಐವರು ಹೋದೆವು. ಒಳಪಂಗಡದ ಮಾತನ್ನು ಹಿರಿಯರೊಬ್ಬರು ಎತ್ತಿದರು. ತಂದೆಯೇ ಅದನ್ನು ಬೆಳೆಸಗೊಡಲಿಲ್ಲ. ಯುವಕನಿಗೆ ಅವರು ಹೇಳಿದ್ದು ಇಷ್ಟು: "ನನ್ನ ಮಗಳನ್ನ ಕೇಳಿದ್ರಿ, ಅದು ಛಲೋ ಆತು. ಇನ್ನ ಮ್ಯಾಲೆ ನಮ್ಮ ಮನಿ ಸುದ್ದಿ ಮೊದಲ ನಮ್ಮ ಮನಿಗೆ ಬರಲಿ." ಆತ ಆಗಲೆಂದು ಒಪ್ಪಿ, ಕಾಕಾನ ಮಗನ ಪರವಾಗಿಯೂ ಕ್ಷಮೆ ಕೇಳಿದ. ಅಂದೇ ಸಕ್ಕರೆ ಹಂಚಲಾಯಿತು. ಮದುವೆಯ ಒಪ್ಪಂದಗಳನ್ನು ಬರೆಯುವ ಯಾದಿಯಲ್ಲಿ ವರೋಪಚಾರ ಇಲ್ಲವೆಂದೂ, ಖರ್ಚು ಎರಡೂ ಕಡೆಗೆ ಸಮನೆಂದೂ, ಲಗ್ನ ಹೆಣ್ಣಿನ ಊರಿನಲ್ಲೇ ಎಂದೂ ಬರೆದು ಎರಡೂ ಕಡೆಯ ಹಿರಿಯರು ಸಹಿ ಹಾಕಿದರು.